ಎರಡು ಬ್ಯಾರೆಲ್ ಕಾರ್ಬುರೇಟರ್ ಕಡ್ಡಾಯವಿರುವ ಮಣ್ಣಿನ ಟ್ರ್ಯಾಕ್ ಕಾರು: 6,300 ಆರ್‌ಪಿಎಂ ದಾಟಿದೊಡನೆ ಎಂಜಿನ್ ಸೊರಗುವುದೇಕೆ?

ಶರಾವತಿ_ತೀರ (ಅಯೋವಾ)

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವನು. ಹನ್ನೊಂದು ವರ್ಷಗಳಿಂದ ಅಮೆರಿಕದ ಅಯೋವಾ ರಾಜ್ಯದಲ್ಲಿದ್ದೇನೆ. ನಾಕ್ಸ್‌ವಿಲ್‌ನ ಅರ್ಧ ಮೈಲಿ ಟ್ರ್ಯಾಕಿನಲ್ಲಿ 1961ರಿಂದ ನಡೆದುಬಂದಿರುವ ಸ್ಪ್ರಿಂಟ್ ಕಾರುಗಳ (ಮಣ್ಣಿನ ಟ್ರ್ಯಾಕಿಗೆಂದೇ ಕಟ್ಟಿದ ಹಗುರವಾದ ರೇಸ್ ಕಾರುಗಳ) ನ್ಯಾಷನಲ್ಸ್ ಪಂದ್ಯ ನೋಡಲು ಒಮ್ಮೆ ಹೋದವನಿಗೆ ಮಣ್ಣಿನ ಟ್ರ್ಯಾಕಿನ ಗೀಳು ಹತ್ತಿತು. ಈಗ ಮೂರನೆಯ ವರ್ಷ, ಪಕ್ಕದ ಮನೆಯವರ ಕಾರಿಗೆ ಎಂಜಿನ್ ಕೆಲಸದಲ್ಲಿ ನೆರವಾಗುತ್ತಿದ್ದೇನೆ. ನಮ್ಮದು ಸ್ಪ್ರಿಂಟ್ ಕಾರಲ್ಲ. ಹಳೆಯ ಷೆವರ್ಲೆ ಸ್ಮಾಲ್ ಬ್ಲಾಕ್ 350 ಘನ ಇಂಚಿನ, ಅಂದರೆ 5.7 ಲೀಟರಿನ ವಿ8 ಎಂಜಿನ್ ಇರುವ ಸಾಮಾನ್ಯ ಸ್ಟಾಕ್ ಕಾರು. ಖರ್ಚು ಹದ್ದುಮೀರಬಾರದೆಂದು ನಮ್ಮ ವರ್ಗದ ನಿಯಮವು ಹೋಲಿ 4412 ಎಂಬ ಎರಡು ಬ್ಯಾರೆಲ್ ಕಾರ್ಬುರೇಟರನ್ನು, ಅಂದರೆ ಎರಡು ಕೊಳವೆಗಳಲ್ಲಿ ಹಾದುಹೋಗುವ ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನವನ್ನು, ಕಡ್ಡಾಯ ಮಾಡಿದೆ. ಅದರ ಗಾಳಿಯ ಸಾಮರ್ಥ್ಯ 500 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 500 ಘನ ಅಡಿ. ವೆಂಚುರಿಯನ್ನಾಗಲಿ (ಬ್ಯಾರೆಲ್‌ನ ಕಿರಿದಾದ ಕಂಠ) ಬೂಸ್ಟರನ್ನಾಗಲಿ (ಆ ಕಂಠದ ನಡುವೆ ಪೆಟ್ರೋಲ್ ಸೇರಿಸುವ ಸಣ್ಣ ಬಳೆ) ಉಜ್ಜಿ ಹಿಗ್ಗಿಸುವಂತಿಲ್ಲ, ರೇಸ್ ಮುಗಿದ ಮೇಲೆ ಗೇಜ್ ಇಳಿಸಿ ಪರೀಕ್ಷಿಸುತ್ತಾರೆ.

ನಮ್ಮ ತೊಂದರೆ ಹೀಗಿದೆ. ತಿರುವಿನಿಂದ ಹೊರಬರುವಾಗ 4,200 ಆರ್‌ಪಿಎಂನಿಂದ ಎಂಜಿನ್ ಚೆನ್ನಾಗಿಯೇ ಎಳೆಯುತ್ತದೆ. ನೇರ ಹಾದಿಯ ಕೊನೆಯ ಮೂರನೇ ಒಂದು ಭಾಗದಲ್ಲಿ, 6,300 ದಾಟಿದೊಡನೆ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ಸೊರಗಿಬಿಡುತ್ತದೆ. ಹೇಗೋ 6,800ರವರೆಗೆ ತೆವಳುತ್ತದೆ. ಸಂಗಡಿಗರು, "ಎರಡು ಬ್ಯಾರೆಲ್ ಅಲ್ಲವೇ, ಗಾಳಿ ಮುಗಿಯಿತು, ಅದಕ್ಕೆ ಮದ್ದಿಲ್ಲ" ಎನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗಿಲ್ಲ. ಗಾಳಿ ಕಡಿಮೆಯಾದರೆ ಶಕ್ತಿ ಕಡಿಮೆಯಾಗಬೇಕೇ ಹೊರತು ಮಿಶ್ರಣ ತೆಳುವಾಗಬೇಕಾಗಿಲ್ಲ, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲು ಇಳಿಯಬೇಕಾಗಿಲ್ಲ. ನಾವು ಸೀಸವಿಲ್ಲದ ರೇಸ್ ಪೆಟ್ರೋಲ್ ಬಳಸುವುದರಿಂದ ಎಕ್ಸಾಸ್ಟ್ ಕೊಳವೆಗೆ ಆಮ್ಲಜನಕದ ಸೆನ್ಸರ್ ಹಾಕಲು ಸಾಧ್ಯವಾಯಿತು. ಅದರ ದಾಖಲೆಯಲ್ಲಿ 5,000ದ ಸುಮಾರಿಗೆ ಗಾಳಿ-ಪೆಟ್ರೋಲ್ ಅನುಪಾತ 12ಕ್ಕೆ 1 ಇದ್ದದ್ದು, 6,300ರ ಬಳಿ ಮೆಟ್ಟಿಲು ಹತ್ತಿದಂತೆ 14ಕ್ಕೆ 1ರ ಮೇಲಕ್ಕೆ ಏರುತ್ತದೆ. ನೇರ ಹಾದಿಯ ಕೊನೆಯಲ್ಲಿ ಎಂಜಿನ್ ಆರಿಸಿ ತೆಗೆದ ಪ್ಲಗ್‌ಗಳ ಪಿಂಗಾಣಿ ಸುಣ್ಣದಂತೆ ಬಿಳಿಯಾಗಿತ್ತು.

ಪೆಟ್ರೋಲ್ ಸಾಲದೆಂದು ಭಾವಿಸಿ ಪಂಪ್ ಬದಲಿಸಿದೆವು, ಫಿಲ್ಟರ್ ಬದಲಿಸಿದೆವು. ಒತ್ತಡ ಎಲ್ಲಿಯೂ 6 ಪಿಎಸ್‌ಐಗಿಂತ ಕೆಳಗಿಳಿಯಲಿಲ್ಲ. ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್‌ಗಳನ್ನು 73ರಿಂದ 78ಕ್ಕೆ (ಸಂಖ್ಯೆ ಹೆಚ್ಚಿದಷ್ಟೂ ಪೆಟ್ರೋಲ್ ಹೆಚ್ಚು) ಏರಿಸಿದ ಮೇಲೆ ಮಧ್ಯದ ಆರ್‌ಪಿಎಂನಲ್ಲಿ ಹೊಗೆ ಹೆಚ್ಚಾಯಿತೇ ಹೊರತು ತುದಿಯ ಕಥೆ ಹಾಗೆಯೇ ಉಳಿಯಿತು. ಇಗ್ನಿಷನ್ ಟೈಮಿಂಗ್ (ಪಿಸ್ಟನ್ ತುದಿ ಮುಟ್ಟುವ ಎಷ್ಟು ಮೊದಲು ಕಿಡಿ ಹೊತ್ತುತ್ತದೆ ಎಂಬುದು) ಒಟ್ಟು 34 ಡಿಗ್ರಿ, ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 6.00. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ವ್ಯಾಕ್ಯೂಮ್, ಅಂದರೆ ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಹೋಗುವ ಕೊಳವೆಗಳಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಿರುವ ಪ್ರಮಾಣ, ಸುಮಾರು 8 ಇಂಚು ಪಾದರಸ. ಕಾರ್ಬುರೇಟರನ್ನು ಸಿದ್ಧಪಡಿಸಿದ್ದವರು ಈ ಕಾರಿನ ಹಿಂದಿನ ಮಾಲೀಕರು. ಎಲ್ಲಿಂದ ಹುಡುಕಲು ಆರಂಭಿಸಬೇಕು, ದಯವಿಟ್ಟು ತಿಳಿಸಿ.

ಇಪ್ಪತ್ತು_ಮಿಮೀ (ಮೈಸೂರು)

ನಮಸ್ಕಾರ ಸರ್. ನಾನು ಎಂಜಿನಿಯರಿಂಗ್ ಓದುವಾಗ ನಮ್ಮ ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ಸ್ಪರ್ಧೆ) ಕಾರಿನ ಎಂಜಿನ್ ವಿಭಾಗದಲ್ಲಿದ್ದೆ. ಅಲ್ಲಿ ಎಂಜಿನ್ ಸೇದುವ ಗಾಳಿಯೆಲ್ಲವೂ 20 ಮಿಲಿಮೀಟರ್ ವ್ಯಾಸದ ಒಂದೇ ಕಂಡಿಯ ಮೂಲಕ ಬರಬೇಕು ಎಂಬುದು ಪೆಟ್ರೋಲ್ ಎಂಜಿನ್‌ಗಳಿಗೆ ಇರುವ ನಿಯಮ. ಎಂಜಿನ್ ಜೋರಾಗಿ ಸೇದಿದಂತೆ ಆ ಕಂಡಿಯಲ್ಲಿ ಗಾಳಿಯ ವೇಗ ಏರುತ್ತಾ ಹೋಗಿ ಶಬ್ದದ ವೇಗವನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಒಳಗೆ ಎಷ್ಟೇ ಎಳೆದರೂ ಸೆಕೆಂಡಿಗೆ ಸುಮಾರು 74 ಗ್ರಾಂಗಿಂತ ಹೆಚ್ಚು ಗಾಳಿ ಬರುವುದಿಲ್ಲ.

ಆ ಮಿತಿ ಮುಟ್ಟಿದ ಮೇಲೆ ಆರ್‌ಪಿಎಂ ಏರಿಸುವುದರಿಂದ ಲಾಭವಿಲ್ಲ. ಅದೇ ಗಾಳಿ ಹೆಚ್ಚು ಹೊಡೆತಗಳಿಗೆ ಹಂಚಿಹೋಗುತ್ತದೆ, ಪಿಸ್ಟನ್ ಮತ್ತು ಬೇರಿಂಗ್‌ಗಳ ಘರ್ಷಣೆ ಮಾತ್ರ ಏರುತ್ತದೆ, ಹೀಗಾಗಿ ಚಕ್ರಕ್ಕೆ ತಲುಪುವ ಶಕ್ತಿ ಇಳಿಯುತ್ತದೆ. ನಿಮ್ಮ ಎಂಜಿನ್ 6,300ರಲ್ಲಿ ಈ ಮಿತಿಯನ್ನೇ ಮುಟ್ಟಿರಬಹುದು ಎಂಬುದು ನನ್ನ ಅಂದಾಜು. ನಾವು ಕಂಡಿಯ ನಂತರದ ಡಿಫ್ಯೂಸರ್ ಎಂಬ ಕೊಳವೆಯನ್ನು ಬಹಳ ನಿಧಾನವಾಗಿ ಅಗಲವಾಗುವಂತೆ ಮಾಡಿ, ಕಳೆದುಹೋದ ಒತ್ತಡದ ಬಹುಪಾಲನ್ನು ಮರಳಿ ಪಡೆಯುತ್ತಿದ್ದೆವು. ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ಅಡಾಪ್ಟರ್ ಒಮ್ಮೆಲೇ ಅಗಲವಾಗುವಂಥದ್ದಾಗಿದ್ದರೆ, ನಿಯಮ ಒಪ್ಪುವುದಾದರೆ, ಇಳಿಜಾರಾಗಿ ಅಗಲವಾಗುವಂಥದ್ದನ್ನು ಹಾಕಿ ನೋಡಿ. ಮಿಶ್ರಣ ತೆಳುವಾಗುವುದಕ್ಕೆ ಮಾತ್ರ ನನ್ನ ಬಳಿ ವಿವರಣೆಯಿಲ್ಲ. ನಮ್ಮಲ್ಲಿ ಇಂಜೆಕ್ಷನ್ ಇದ್ದುದರಿಂದ ಮ್ಯಾಪ್ ತಿದ್ದಿದರೆ ಆಗುತ್ತಿತ್ತು.

ಹಳೇ_ಕಾರ್ಬುರೇಟರ್ (ನಾರ್ತ್ ಕೆರೊಲಿನಾ)

ಶರಾವತಿಯವರೇ, ನೀವು ಸಂಗಡಿಗರ ಮಾತನ್ನು ಒಪ್ಪದೆ ಉಳಿದದ್ದು ಸರಿಯಾಗಿದೆ. ನಿಮ್ಮ ಪ್ರಶ್ನೆಯೊಳಗೇ ಉತ್ತರವಿದೆ: "ಮೆಟ್ಟಿಲು ಹತ್ತಿದಂತೆ" ಎಂಬ ಮಾತು. ಕಾರ್ಬುರೇಟರಿನ ಬೋಗುಣಿಯಲ್ಲಿ (ಪೆಟ್ರೋಲ್ ತುಂಬಿರುವ ಪುಟ್ಟ ತೊಟ್ಟಿ) ಪೆಟ್ರೋಲ್ ಬರಿದಾಗುತ್ತಿದ್ದರೆ ಮಿಶ್ರಣ ನೇರ ಹಾದಿಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ತೆಳುವಾಗುತ್ತಿತ್ತು. ಪ್ರತಿ ಸಲವೂ ಒಂದೇ ಆರ್‌ಪಿಎಂನಲ್ಲಿ ಒಮ್ಮೆಲೇ ಜಿಗಿಯುತ್ತದೆ ಎಂದರೆ ಯಾವುದೋ ಒಂದು ಬಾಗಿಲು ಮುಚ್ಚಿಕೊಳ್ಳುತ್ತಿದೆ ಎಂದರ್ಥ. ಈ ಕಾರ್ಬುರೇಟರಿನಲ್ಲಿ ಹಾಗೆ ಮುಚ್ಚಿಕೊಳ್ಳಬಲ್ಲದ್ದು ಒಂದೇ, ಅದು ಪವರ್ ವಾಲ್ವ್.

ಮೊದಲು ಮೈಸೂರಿನ ಗೆಳೆಯರ ಮಾತಿಗೆ ಬರುತ್ತೇನೆ. 20 ಮಿಲಿಮೀಟರ್ ಕಂಡಿಯ ಬಗ್ಗೆ ಅವರು ಹೇಳಿದ್ದೆಲ್ಲ ನಿಜ, ಆದರೆ ಈ ಕಾರಿನಲ್ಲಿ ಗಾಳಿ ಶಬ್ದದ ವೇಗದ ಹತ್ತಿರಕ್ಕೂ ಹೋಗುವುದಿಲ್ಲ. 4412ರ ಪ್ರತಿ ವೆಂಚುರಿಯ ವ್ಯಾಸ 1 ಮತ್ತು 3/8 ಇಂಚು, ಅಂದರೆ ಸುಮಾರು 35 ಮಿಲಿಮೀಟರ್, ಅಂಥವು ಎರಡು. 550 ಸಿಎಫ್‌ಎಂ ಗಾಳಿ ಅವುಗಳಲ್ಲಿ ಹಾದುಹೋಗುವಾಗ ವೇಗ ಸೆಕೆಂಡಿಗೆ ಸುಮಾರು 135 ಮೀಟರ್, ಬೂಸ್ಟರ್ ಆಕ್ರಮಿಸುವ ಜಾಗವನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಸ್ವಲ್ಪ ಹೆಚ್ಚು. ಶಬ್ದದ ವೇಗ 340ಕ್ಕಿಂತ ಮೇಲಿದೆ. ಆದ್ದರಿಂದ ನಿಮ್ಮಲ್ಲಿರುವುದು ಗಟ್ಟಿಯಾದ ಗೋಡೆಯಲ್ಲ, ಆರ್‌ಪಿಎಂ ಏರಿದಂತೆ ಕಡಿದಾಗುತ್ತಾ ಹೋಗುವ ಏರು. ಡೇಟೋನಾ ಮತ್ತು ಟ್ಯಾಲಡೇಗಾದಲ್ಲಿ 1988ರಿಂದ 2019ರ ಆರಂಭದವರೆಗೆ ಅಮೆರಿಕದ ಸ್ಟಾಕ್ ಕಾರ್ ರೇಸ್ ಸಂಸ್ಥೆ ನ್ಯಾಸ್ಕಾರ್ ಬಳಸಿದ ರಿಸ್ಟ್ರಿಕ್ಟರ್ ಪ್ಲೇಟ್ ಕೂಡ ಬೇರೆಯದೇ ಬಗೆ. ಅದು ಕಾರ್ಬುರೇಟರಿನ ಕೆಳಗಿಡುವ ತೂತಿನ ಫಲಕ. ನಿಮ್ಮಲ್ಲಿ ಕಾರ್ಬುರೇಟರೇ ನಿರ್ಬಂಧ, ಪೆಟ್ರೋಲ್ ಅಳೆಯುವ ಸಾಧನವೂ ಅದೇ. ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದ.

ಈಗ ಲೆಕ್ಕ ನೋಡಿ. ಎರಡು ಬ್ಯಾರೆಲ್ ಕಾರ್ಬುರೇಟರಿನ ಸಾಮರ್ಥ್ಯವನ್ನು 3 ಇಂಚು ಪಾದರಸದ ಒತ್ತಡ ವ್ಯತ್ಯಾಸದಲ್ಲಿ ಅಳೆಯುತ್ತಾರೆ. ನಾಲ್ಕು ಬ್ಯಾರೆಲ್‌ನದನ್ನು ಒಂದೂವರೆ ಇಂಚಿನಲ್ಲಿ. ನಿಮ್ಮ 500ನ್ನು ನಾಲ್ಕು ಬ್ಯಾರೆಲ್‌ನ ಅಳತೆಗೆ ತಂದರೆ ಅದು ಸುಮಾರು 354 ಮಾತ್ರ. ಇದನ್ನು ಗಮನಿಸದೆ 500ನ್ನು ನಾಲ್ಕು ಬ್ಯಾರೆಲ್‌ನ 600ರ ಪಕ್ಕದಲ್ಲಿಟ್ಟು ನೋಡುವವರು ಬಹಳ ಮಂದಿ. ಅಂದರೆ ನಿಮ್ಮ ಎಂಜಿನ್ 500 ಸಿಎಫ್‌ಎಂ ಸೇದುತ್ತಿರುವಾಗ, ಥ್ರಾಟಲ್ ಪೂರ್ತಿ ತೆರೆದಿದ್ದರೂ ಮ್ಯಾನಿಫೋಲ್ಡಿನಲ್ಲಿ 3 ಇಂಚು ವ್ಯಾಕ್ಯೂಮ್ ಇರುತ್ತದೆ. 350 ಘನ ಇಂಚಿನ ಎಂಜಿನ್‌ಗೆ ನಾನು ಹಾಕಿದ ಲೆಕ್ಕದಲ್ಲಿ ಆ ವ್ಯಾಕ್ಯೂಮ್ 5,000 ಆರ್‌ಪಿಎಂನಲ್ಲಿ ಸುಮಾರು 2.3, 6,000ದಲ್ಲಿ 3.2, 6,600ರಲ್ಲಿ 3.7 ಇಂಚು ಬರುತ್ತದೆ. ಗಾಳಿಯ ಫಿಲ್ಟರಿನಲ್ಲಿ ಧೂಳು ತುಂಬಿದ್ದರೆ ಇನ್ನೂ ಹೆಚ್ಚು.

ಪವರ್ ವಾಲ್ವ್ ಕೆಲಸ ಮಾಡುವುದು ಈ ವ್ಯಾಕ್ಯೂಮ್ ಮೇಲೆಯೇ. ಅದರ ಮೇಲೆ ಕೆತ್ತಿದ ಸಂಖ್ಯೆ 35 ಆಗಿದ್ದರೆ, ವ್ಯಾಕ್ಯೂಮ್ 3.5 ಇಂಚಿಗಿಂತ ಕೆಳಗಿಳಿದಾಗ ಅದು ತೆರೆದುಕೊಂಡು ಮೇನ್ ಜೆಟ್‌ನ ಜೊತೆಗೆ ಹೆಚ್ಚುವರಿ ಪೆಟ್ರೋಲ್ ಕೊಡುತ್ತದೆ, ವ್ಯಾಕ್ಯೂಮ್ 3.5 ದಾಟಿದರೆ ಮುಚ್ಚಿಕೊಳ್ಳುತ್ತದೆ. ಚಾಲಕನು ಪಾದವನ್ನು ನೆಲಕ್ಕೊತ್ತಿದ್ದಾನೆಂಬುದು ವಾಲ್ವ್‌ಗೆ ಗೊತ್ತಾಗುವುದಿಲ್ಲ. ವ್ಯಾಕ್ಯೂಮ್ ಏರಿತೆಂದರೆ ಥ್ರಾಟಲ್ ಬಿಟ್ಟಿದ್ದಾನೆ ಎಂದೇ ಅದು ತಿಳಿಯುತ್ತದೆ. ಹೀಗಾಗಿ ಎಂಜಿನ್‌ಗೆ ಪೆಟ್ರೋಲ್ ಅತ್ಯಂತ ಹೆಚ್ಚು ಬೇಕಾದ ಗಳಿಗೆಯಲ್ಲೇ ಆರೇಳು ಜೆಟ್ ಸಂಖ್ಯೆಗಳಷ್ಟು ಪೆಟ್ರೋಲ್ ನಿಂತುಹೋಗುತ್ತದೆ. ನೀವು ಜೆಟ್ ಏರಿಸಿದಾಗ ಮಧ್ಯದಲ್ಲಿ ಹೊಗೆ ಬಂದು ತುದಿ ಸರಿಹೋಗದಿದ್ದುದೂ ಇದರಿಂದಲೇ.

ಹಿಂದಿನ ಮಾಲೀಕರು 35ನ್ನೇ ಏಕೆ ಆರಿಸಿಕೊಂಡಿರಬಹುದು ಎಂಬುದನ್ನೂ ಊಹಿಸಬಲ್ಲೆ. ಐಡಲ್ ವ್ಯಾಕ್ಯೂಮ್‌ನ ಅರ್ಧದಷ್ಟು ಸಂಖ್ಯೆಯ ವಾಲ್ವ್ ಹಾಕಬೇಕು ಎಂಬ ಒಂದು ಸೂತ್ರ ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ. ನಿಮ್ಮ 8 ಇಂಚಿನ ಅರ್ಧ 4. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ 35. ದೊಡ್ಡ ನಾಲ್ಕು ಬ್ಯಾರೆಲ್ ಕಾರ್ಬುರೇಟರ್ ಇರುವ ಎಂಜಿನ್‌ನಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ವ್ಯಾಕ್ಯೂಮ್ ಒಂದು ಇಂಚಿನ ಆಸುಪಾಸು ಇರುವುದರಿಂದ ಆ ಸೂತ್ರ ಯಾರಿಗೂ ತೊಂದರೆ ಕೊಡುವುದಿಲ್ಲ. ಗಾಳಿ ಬಿಗಿಹಿಡಿದ ಎಂಜಿನ್‌ಗೆ ಅದು ಹೊಂದುವುದಿಲ್ಲ.

ಮಾಡಬೇಕಾದ್ದು ಇಷ್ಟು. ಬೋಗುಣಿ ಬಿಚ್ಚಿ ವಾಲ್ವ್‌ನ ಸಂಖ್ಯೆ ಓದಿ. 65 ಸಂಖ್ಯೆಯ ವಾಲ್ವ್ ಹಾಕಿ, ಅದು 6.5 ಇಂಚಿನವರೆಗೆ ತೆರೆದೇ ಇರುತ್ತದೆ, ನಿಮ್ಮ 8 ಇಂಚಿನ ಐಡಲ್‌ನಲ್ಲಿ ಮುಚ್ಚಿಯೂ ಇರುತ್ತದೆ. ವಾಲ್ವನ್ನೇ ತೆಗೆದು ಬಿರಡೆ ಹಾಕಿ, ಜೆಟ್‌ಗಳನ್ನು ಆರರಿಂದ ಎಂಟು ಸಂಖ್ಯೆ ಏರಿಸುವ ಕ್ರಮವೂ ಇಲ್ಲಿ ಬಹಳ ಕಡೆ ಇದೆ. ನಾನು ಅದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ, ಏಕೆಂದರೆ ಹಳದಿ ಬಾವುಟ ಬಿದ್ದು ಹತ್ತು ನಿಮಿಷ ನಿಧಾನವಾಗಿ ಸುತ್ತಬೇಕಾಗಿ ಬಂದಾಗ ಅರ್ಧ ಥ್ರಾಟಲ್‌ನ ಮಿಶ್ರಣ ದಟ್ಟವಾಗಿ ಪ್ಲಗ್‌ಗಳು ಮಸಿ ಹಿಡಿಯುತ್ತವೆ, ಮತ್ತೆ ಹಸಿರು ತೋರಿಸಿದಾಗ ಎಂಜಿನ್ ಮುಗ್ಗರಿಸುತ್ತದೆ. ವಾಲ್ವ್ ಬದಲಿಸಿದ ಮೇಲೆ ಜೆಟ್‌ಗಳನ್ನು 76ಕ್ಕೆ ಇಳಿಸಿ. ಅನುಪಾತ ಆರಂಭದಿಂದ ತುದಿಯವರೆಗೆ 12.5 ಮತ್ತು 13ರ ನಡುವೆ ನಿಲ್ಲಬೇಕು.

ಟೈಮಿಂಗನ್ನು ಇದೆಲ್ಲ ಸರಿಯಾಗುವವರೆಗೆ ಮುಟ್ಟಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಗಾಳಿ ನಿರ್ಬಂಧಿಸಿದ ಎಂಜಿನ್‌ನ ಸಿಲಿಂಡರಿನಲ್ಲಿ ಮಿಶ್ರಣ ವಿರಳವಾಗಿರುವುದರಿಂದ ಬೆಂಕಿ ನಿಧಾನವಾಗಿ ಹರಡುತ್ತದೆ, ಹಾಗಾಗಿ ಅದು ಸ್ವಲ್ಪ ಹೆಚ್ಚು ಅಡ್ವಾನ್ಸ್ (ಕಿಡಿ ಇನ್ನೂ ಮೊದಲೇ) ಕೇಳುವುದು ಸಹಜ. ಆದರೆ 14ಕ್ಕೆ 1ರಲ್ಲಿ ಓಡುತ್ತಿರುವ ಎಂಜಿನ್‌ಗೆ ಅಡ್ವಾನ್ಸ್ ಏರಿಸಿದರೆ ನಾಕಿಂಗ್ ಆಗಿ, ಅಂದರೆ ಮಿಶ್ರಣ ತಾನಾಗಿಯೇ ಸಿಡಿದು, ಪಿಸ್ಟನ್ ಹೋಗುತ್ತದೆ. ಮಿಶ್ರಣ ಸರಿಯಾದ ಮೇಲೆ 34ರಿಂದ 36ಕ್ಕೆ ಹೋಗಿ, ಪ್ಲಗ್‌ನ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಚುಕ್ಕಿಗಳು ಕಂಡರೆ ಹಿಂದಕ್ಕೆ ಬನ್ನಿ.

ಧೂಳಿನ_ದಾರಿ (ಚಿಕ್ಕಮಗಳೂರು)

ಕಾಫಿ ತೋಟಗಳ ರಸ್ತೆಗಳಲ್ಲಿ ನಡೆಯುವ ರ‍್ಯಾಲಿಗಳಲ್ಲಿ ಹಲವು ವರ್ಷ ಸರ್ವೀಸ್ ತಂಡದಲ್ಲಿದ್ದವನು ನಾನು. ಹಿರಿಯರು ಮೇಲೆ ಹೇಳಿರುವುದಕ್ಕೆ ಎರಡು ವಿಷಯ ಸೇರಿಸುತ್ತೇನೆ.

ಒಂದು, ಗಾಳಿಯ ಫಿಲ್ಟರ್. ಕಾರ್ಬುರೇಟರಿನಲ್ಲೇ 3 ಇಂಚು ಕಳೆದುಕೊಳ್ಳುತ್ತಿರುವ ಎಂಜಿನ್‌ಗೆ ಫಿಲ್ಟರಿನಲ್ಲಿ ಕಳೆಯುವ ಅರ್ಧ ಇಂಚು ಕೂಡ ದುಬಾರಿ. ಮೇಲಿನ ಲೆಕ್ಕದ ಪ್ರಕಾರ ಅದು ವಾಲ್ವ್ ಮುಚ್ಚುವ ಆರ್‌ಪಿಎಂ ಅನ್ನು ಇನ್ನೂ ಮೊದಲಿಗೆ ಎಳೆದು ತರುತ್ತದೆ. ಹೀಟ್ ರೇಸಿಗೂ (ಫೈನಲ್‌ಗೆ ಮೊದಲಿನ ಚಿಕ್ಕ ಓಟ) ಫೈನಲ್‌ಗೂ ನಡುವೆ ಫಿಲ್ಟರಿನ ಹೊರಗವಸನ್ನು ಒದರಿ ಹಾಕುವುದಕ್ಕಿಂತ, ತೊಳೆದು ಒಣಗಿಸಿದ ಇನ್ನೊಂದನ್ನು ಇಟ್ಟುಕೊಂಡು ಬದಲಿಸಿಬಿಡಿ. ಒದ್ದೆ ಮಣ್ಣು ಅಂಟಿ ಒಣಗಿದ ಫಿಲ್ಟರ್ ಕಣ್ಣಿಗೆ ಅಷ್ಟೇನೂ ಕೊಳೆಯಾಗಿ ಕಾಣುವುದಿಲ್ಲ.

ಎರಡು, ಹವೆ. ನಿಮ್ಮಲ್ಲಿ ಜುಲೈ ಮಧ್ಯಾಹ್ನ 35 ಡಿಗ್ರಿ ಇದ್ದದ್ದು ರಾತ್ರಿ 18ಕ್ಕೆ ಇಳಿದರೆ ಗಾಳಿಯ ಸಾಂದ್ರತೆ ಸುಮಾರು ಶೇ 6ರಷ್ಟು ಹೆಚ್ಚುತ್ತದೆ. ಕಾರ್ಬುರೇಟರ್ ಅದನ್ನು ಪೂರ್ತಿ ಸರಿದೂಗಿಸುವುದಿಲ್ಲ; ಪೆಟ್ರೋಲಿನ ಹರಿವು ಸಾಂದ್ರತೆಯ ವರ್ಗಮೂಲಕ್ಕೆ ತಕ್ಕಂತೆ ಮಾತ್ರ ಏರುವುದರಿಂದ ಮಿಶ್ರಣ ಶೇ 3ರಷ್ಟು ತೆಳುವಾಗುತ್ತದೆ. ಅದು ಹೆಚ್ಚುಕಡಿಮೆ ಒಂದು ಜೆಟ್ ಸಂಖ್ಯೆಗೆ ಸಮ. ಮಧ್ಯಾಹ್ನದ ಅಭ್ಯಾಸದಲ್ಲಿ 13ಕ್ಕೆ ಸರಿಹೊಂದಿಸಿಕೊಂಡರೆ ರಾತ್ರಿಯ ಫೈನಲ್‌ಗೆ ಅಪಾಯದ ಕಡೆ ಜಾರುತ್ತೀರಿ. ಹಗಲಿನಲ್ಲಿ 12.5ರ ಕಡೆಗೇ ಇಟ್ಟುಕೊಳ್ಳುವುದು ಕ್ಷೇಮ.

ಶರಾವತಿ_ತೀರ (ಅಯೋವಾ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಂಗಳವಾರ ರಾತ್ರಿ ಬೋಗುಣಿ ಬಿಚ್ಚಿದೆ. ವಾಲ್ವ್‌ನ ಮೇಲೆ 35 ಎಂದೇ ಕೆತ್ತಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದೆ. ಇಡೀ ಬೇಸಿಗೆ ನಾವು ಪಂಪ್, ಫಿಲ್ಟರ್, ಕೊಳವೆಗಳ ಹಿಂದೆ ಅಲೆದಿದ್ದೆವು.

65 ಹಾಕಿ, ಜೆಟ್ 76 ಮಾಡಿ, ಬೇರೇನನ್ನೂ ಬದಲಿಸದೆ ಶನಿವಾರ ಓಡಿಸಿದೆವು. ಮೆಟ್ಟಿಲು ಮಾಯವಾಗಿದೆ. 4,500ರಿಂದ 6,700ರವರೆಗೆ ಅನುಪಾತ 12.6ರಿಂದ 12.9ರ ಒಳಗೇ ನಿಂತಿತು. ವ್ಯಾಕ್ಯೂಮ್ ಗೇಜನ್ನೂ ಜೋಡಿಸಿದ್ದೆವು. 6,600ರಲ್ಲಿ ಅದು 3.8 ತೋರಿಸಿತು, ಹಿರಿಯರ ಲೆಕ್ಕಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಫೈನಲ್‌ನಲ್ಲಿ ಒಂಬತ್ತನೆಯವರಾಗಿ ಆರಂಭಿಸಿ ನಾಲ್ಕನೆಯವರಾಗಿ ಮುಗಿಸಿದೆವು.

ಇನ್ನೊಂದು ಪ್ರಶ್ನೆ ಉಳಿದಿದೆ. ಈಗಲೂ 6,500ರ ಮೇಲೆ ಎಳೆತ ಮೆಲ್ಲಗೆ ಇಳಿಯುತ್ತದೆ, ಮೊದಲಿನಂತೆ ಒಮ್ಮೆಲೇ ಅಲ್ಲ. ಮೈಸೂರಿನ ಗೆಳೆಯರು ಹೇಳಿದ ಘರ್ಷಣೆಯ ಮಾತು ಇಲ್ಲಿಗೆ ಅನ್ವಯಿಸುತ್ತದೆ ಎನಿಸುತ್ತದೆ. ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ದಂಡವನ್ನು ಬದಲಿಸಬೇಕೇ?

ಹಳೇ_ಕಾರ್ಬುರೇಟರ್ (ನಾರ್ತ್ ಕೆರೊಲಿನಾ)

ಸಂತೋಷವಾಯಿತು. ಮೈಸೂರಿನವರ ಆ ಮಾತು ಇಲ್ಲಿಗೆ ಪೂರ್ತಿ ಸಲ್ಲುತ್ತದೆ. ಕ್ಯಾಮ್‌ಗೆ ಈಗಲೇ ಹಣ ಹಾಕಬೇಡಿ, ಮೊದಲು ಗೇರ್ ಬದಲಿಸಿ. 6.00ರ ಬದಲು 5.67 ಹಾಕಿದರೆ ಈಗ 6,800 ತೋರಿಸುವ ಜಾಗದಲ್ಲಿ ಅದೇ ವೇಗಕ್ಕೆ ಸುಮಾರು 6,425 ಇರುತ್ತದೆ, ಅಂದರೆ ಎಂಜಿನ್ ಇನ್ನೂ ಎಳೆಯುತ್ತಿರುವಾಗಲೇ ನೇರ ಹಾದಿ ಮುಗಿಯುತ್ತದೆ. ತಿರುವಿನಲ್ಲಿ 4,200 ಇದ್ದದ್ದು 3,970ಕ್ಕೆ ಇಳಿಯುತ್ತದೆ. ಟ್ರ್ಯಾಕ್ ಒದ್ದೆಯಾಗಿ ಹಿಡಿತವಿರುವ ಹೊತ್ತಿನಲ್ಲಿ ಅದು ಸ್ವಲ್ಪ ಭಾರವೆನಿಸಬಹುದು. ಆದರೆ ರಾತ್ರಿ ಮಣ್ಣು ಒಣಗಿ ನುಣುಪಾದಾಗ ಹಿಂಚಕ್ರಗಳು ಸುಮ್ಮನೆ ತಿರುಗುವುದು ಕಡಿಮೆಯಾಗಿ ನಿಮಗೆ ಲಾಭವೇ. ಫೈನಲ್ ನಡೆಯುವುದು ಆ ಹೊತ್ತಿನಲ್ಲಿ.

ಗೇರ್ ಬದಲಿಸಿದ ವಾರ ಎಂಟೂ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲಿ ಜೋಡಿಸಿಟ್ಟು ಚಿತ್ರ ತೆಗೆದು ಹಾಕಿ. ಎರಡು ಬ್ಯಾರೆಲ್‌ನ ಗಾಳಿ ಎಂಟು ಕಡೆಗೆ ಸಮನಾಗಿ ಹಂಚಿಹೋಗುವುದು ಅಪರೂಪ. ನಿಮ್ಮ ಸೆನ್ಸರ್ ಒಂದು ಬದಿಯ ನಾಲ್ಕು ಸಿಲಿಂಡರುಗಳ ಸರಾಸರಿಯನ್ನಷ್ಟೇ ಹೇಳುತ್ತದೆ. ಒಂದು ಮೂಲೆಯ ಸಿಲಿಂಡರ್ ಇನ್ನೂ ತೆಳುವಾಗಿ ಓಡುತ್ತಿದ್ದರೆ ಅದು ಕಾಣುವುದು ಪ್ಲಗ್‌ನಲ್ಲಿ. 36 ಡಿಗ್ರಿಗೆ ಹೋಗುವುದು ಅದನ್ನು ನೋಡಿದ ಮೇಲೆ.